ಟ್ರ್ಯಾಕ್ಟರಿಗೆ ಬೇಕು ನಿತ್ಯ ಆಯುಧ ಪೂಜೆ

ಮಹಾನವಮಿಯ ಬೆಳಿಗ್ಗೆ ಕಲಬುರಗಿಯಿಂದ ಕಮಲಾಪುರದ ಕಡೆಗೆ ಹುಮನಾಬಾದ್ ರಸ್ತೆ ಹಿಡಿದು ಹೊರಟರೆ ದಾರಿಯುದ್ದಕ್ಕೂ ಒಂದು ಸಂಭ್ರಮ ಕಾಣುತ್ತದೆ. ಹಳ್ಳದಲ್ಲೋ ಬೋರ್‌ವೆಲ್ಲಿನ ಹತ್ತಿರವೋ ಮೈತೊಳೆದುಕೊಂಡು ಬಂದ ಟ್ರ್ಯಾಕ್ಟರುಗಳು ಮನೆಗಳ ಮುಂದೆ ಸಾಲಾಗಿ ನಿಂತಿರುತ್ತವೆ. ಬಾನೆಟ್ಟಿಗೆ ಚೆಂಡುಹೂವಿನ ಮಾಲೆ, ಎರಡು ಬದಿಗೆ ಎಳೆಯ ಬಾಳೆಕಂಬ, ಹಣೆಗೆ ವಿಭೂತಿ-ಕುಂಕುಮ, ಚಕ್ರದಡಿಗೆ ನಿಂಬೆಹಣ್ಣು. ಮಕ್ಕಳೆಲ್ಲ ಮಡ್‌ಗಾರ್ಡಿನ ಮೇಲೆ ಏರಿ ಕುಳಿತಿರುತ್ತಾರೆ. ತೆಂಗಿನಕಾಯಿ ಒಡೆದ ಮೇಲೆ ಊರ ಸುತ್ತ ಒಂದು ಸುತ್ತು. ಅಲ್ಲಿಗೆ ವರ್ಷದ ಪೂಜೆ ಮುಗಿಯಿತು.

ಇನ್ನೊಂದು ದೃಶ್ಯ ಜೂನ್ ತಿಂಗಳದ್ದು. ಮೃಗಶಿರಾ ಮಳೆ ಎರಡು ದಿನ ಚೆನ್ನಾಗಿ ಸುರಿದು ಹೊರಪು ಕೊಟ್ಟಿದೆ. ಎರೆ ಹೊಲ ಹದಕ್ಕೆ ಬಂದಿದೆ. ಬೀಜ, ಗೊಬ್ಬರ, ಆಳು ಎಲ್ಲ ಸಿದ್ಧ. ಆದರೆ ನಾಲ್ಕು ತಿಂಗಳಿನಿಂದ ಶೆಡ್ಡಿನಲ್ಲಿ ನಿಂತಿದ್ದ ಟ್ರ್ಯಾಕ್ಟರ್ ಏಳುತ್ತಿಲ್ಲ. ಬ್ಯಾಟರಿ ಸತ್ತಿದೆ, ಡೀಸೆಲ್ಲಿನಲ್ಲಿ ನೀರು ಸೇರಿದೆ, ವೈರನ್ನು ಇಲಿ ಕಡಿದಿದೆ. ಮೆಕ್ಯಾನಿಕನಿಗೆ ಹೇಳಿ ಕಳಿಸಿದರೆ ಅವನ ಮುಂದೆ ಅಂದೇ ಹತ್ತು ಟ್ರ್ಯಾಕ್ಟರುಗಳ ಸರದಿ. ಅವನು ಬರುವ ಹೊತ್ತಿಗೆ ಬಿಸಿಲಿಗೆ ಮೇಲ್ಮಣ್ಣಿನ ಹಸಿ ಆರಿಹೋಗಿರುತ್ತದೆ. ಕೆಟ್ಟದ್ದು ಯಂತ್ರ, ಆದರೆ ಕೈತಪ್ಪಿದ್ದು ಆ ವರ್ಷದ ಬಿತ್ತನೆಯ ಹದ.

ಈ ಎರಡು ದೃಶ್ಯಗಳ ನಡುವೆ ಇರುವುದು ದಿನಕ್ಕೆ ಹದಿನೈದು ನಿಮಿಷದ ಕೆಲಸ ಮಾತ್ರ. ಆ ಕೆಲಸ ಏನು, ಅದನ್ನು ಏಕೆ ಮಾಡಬೇಕು ಎಂಬುದನ್ನು ಶಾಲೆ-ಕಾಲೇಜಿಗೆ ಹೋಗುವ ರೈತರ ಮಕ್ಕಳು ತಿಳಿದುಕೊಂಡರೆ ಮನೆಗೂ ಲಾಭ, ಅವರ ಓದಿಗೂ ಲಾಭ. ಏಕೆಂದರೆ ವಿಜ್ಞಾನದ ಪುಸ್ತಕದಲ್ಲಿ ಬರುವ ಸನ್ನೆ, ಘರ್ಷಣೆ, ಗುರುತ್ವ ಕೇಂದ್ರ, ನ್ಯೂಟನ್ನನ ನಿಯಮ, ದ್ರವದ ಒತ್ತಡ ಎಲ್ಲವೂ ಮನೆಯಂಗಳದಲ್ಲಿ ನಿಂತ ಈ ಒಂದೇ ಯಂತ್ರದಲ್ಲಿ ಅಡಗಿವೆ.

ಎರೆಯ ಗುಣ, ಯಂತ್ರದ ಪಾಡು

ಕಲಬುರಗಿ ತೊಗರಿಯ ಕಣಜ. ಇಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಕಮಲಾಪುರದ ಕೆಂಪು ಬಾಳೆಗೂ ಅಂಥದೇ ಮಾನ್ಯತೆ ಇದೆ. ತೊಗರಿಗೆ ಮಳೆಯ ಹದ ನೋಡಿ ಬಿತ್ತುವ ಅವಸರ. ಬಾಳೆಗೆ ಸಾಲುಗಳ ನಡುವೆ ಬೇರಿಗೆ ಪೆಟ್ಟಾಗದಂತೆ ಕಳೆ ತೆಗೆಯುವ ನಾಜೂಕು. ಮೊದಲನೆಯದಕ್ಕೆ 35ರಿಂದ 50 ಅಶ್ವಶಕ್ತಿಯ ಟ್ರ್ಯಾಕ್ಟರ್ ಬೇಕು. ಎರಡನೆಯದಕ್ಕೆ ಸಾಲಿನ ಅಗಲ ನೋಡಿಕೊಂಡು ಮಿನಿ ಟ್ರ್ಯಾಕ್ಟರ್ ಅಥವಾ ಪವರ್ ಟಿಲ್ಲರ್ ಅನುಕೂಲ.

ಎರೆ ಮಣ್ಣು ಯಂತ್ರಕ್ಕೆ ಸುಲಭದ ನೆಲವಲ್ಲ. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಹಸಿಯಿದ್ದಾಗ ಗಾಲಿಯ ಪಟ್ಟಿಗಳ ನಡುವೆ ಮೆತ್ತಿಕೊಂಡು ಟೈರನ್ನು ನುಣ್ಣಗಿನ ಉರುಳೆಯನ್ನಾಗಿ ಮಾಡಿಬಿಡುತ್ತದೆ. ಒಣಗಿದಾಗ ಅದರ ನಯವಾದ ಧೂಳು ಇಂಜಿನ್ನಿನ ಬಾಯಿಗೆ ಹೋಗಲು ಹೊಂಚು ಹಾಕುತ್ತದೆ. ತೀರ ಹಸಿಯಿದ್ದಾಗ ಭಾರದ ಯಂತ್ರ ಇಳಿಸಿದರೆ ಮಣ್ಣು ಅಡಿಯಲ್ಲಿ ಗಟ್ಟಿ ಪದರವಾಗಿ ಕೂಡುತ್ತದೆ. ತೊಗರಿಯ ತಾಯಿಬೇರು ಆಳಕ್ಕೆ ಇಳಿಯಲು ಒದ್ದಾಡಬೇಕಾಗುತ್ತದೆ. ಎತ್ತಿನ ಗಳೆ ಹೊಡೆಯುತ್ತಿದ್ದ ಹಿರಿಯರು ಒಂದು ಹಿಡಿ ಮಣ್ಣು ಒತ್ತಿ ನೋಡಿ, ಅದು ಉಂಡೆಯಾಗಿ ನಿಂತು ಬೆರಳು ತಾಗಿಸಿದರೆ ಪುಡಿಯಾದಾಗ ಮಾತ್ರ ಹೊಲಕ್ಕೆ ಇಳಿಯುತ್ತಿದ್ದರು. ಯಂತ್ರ ಬಂದ ಮೇಲೂ ಆ ಪರೀಕ್ಷೆ ಹಳೆಯದಾಗಿಲ್ಲ.

ಎತ್ತಿನಿಂದ ಇಂಜಿನ್‌ವರೆಗೆ

ಪೆಟ್ರೋಲಿನಿಂದ ನಡೆಯುವ, ಹಿಂದಕ್ಕೂ ಮುಂದಕ್ಕೂ ಚಲಿಸುವ ಟ್ರ್ಯಾಕ್ಟರನ್ನು 1892ರಲ್ಲಿ ಅಮೆರಿಕದ ಅಯೋವಾದಲ್ಲಿ ಜಾನ್ ಫ್ರೋಲಿಕ್ ಎಂಬಾತ ಕಟ್ಟಿದ. 1917ರಲ್ಲಿ ಹೆನ್ರಿ ಫೋರ್ಡ್ ಅಗ್ಗದ ಫೋರ್ಡ್‌ಸನ್ ಟ್ರ್ಯಾಕ್ಟರುಗಳನ್ನು ಹೊರತಂದ. ಆದರೆ ಆಗಿನ ಟ್ರ್ಯಾಕ್ಟರ್ ಎಂದರೆ ನೇಗಿಲನ್ನು ಸರಪಳಿ ಕಟ್ಟಿ ಎಳೆಯುವ ಕಬ್ಬಿಣದ ಎತ್ತು, ಅಷ್ಟೆ. ನೇಗಿಲು ಕಲ್ಲಿಗೆ ಸಿಕ್ಕರೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಚಾಲಕನ ಮೇಲೆಯೇ ಬೀಳುತ್ತಿತ್ತು. ಇದಕ್ಕೆ ಪರಿಹಾರ ಕಂಡವನು ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್. ಮೂರು ತೋಳುಗಳಿಂದ ನೇಗಿಲನ್ನು ಟ್ರ್ಯಾಕ್ಟರಿನ ಅಂಗವನ್ನಾಗಿಯೇ ಮಾಡಿ, ಎಣ್ಣೆಯ ಒತ್ತಡದಿಂದ ಅದನ್ನು ಎತ್ತಿಳಿಸುವ ವ್ಯವಸ್ಥೆಯನ್ನು ಆತ ರೂಪಿಸಿದ. 1939ರ ಫೋರ್ಡ್-ಫರ್ಗ್ಯೂಸನ್ ಟ್ರ್ಯಾಕ್ಟರಿನಿಂದ ಅದು ಜಗತ್ತಿಗೆಲ್ಲ ಹರಡಿತು. ಇಂದು ಕಮಲಾಪುರದ ಹೊಲದಲ್ಲಿ ಸೀಟಿನ ಪಕ್ಕದ ಸಣ್ಣ ಹಿಡಿಕೆ ಎಳೆದೊಡನೆ ಭಾರದ ಕುಂಟೆ ಮೇಲೇಳುವುದು ಅದೇ ತತ್ತ್ವದಿಂದ.

ಭಾರತದಲ್ಲಿ 1959ರಲ್ಲಿ ಐಷರ್ ಸಂಸ್ಥೆ ಫರೀದಾಬಾದಿನಲ್ಲಿ ಟ್ರ್ಯಾಕ್ಟರ್ ತಯಾರಿಕೆ ಆರಂಭಿಸಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿದ್ದ ಎಚ್‌ಎಂಟಿ ಗಡಿಯಾರಕ್ಕೆ ಹೆಸರಾದಂತೆ 1971ರಿಂದ ಟ್ರ್ಯಾಕ್ಟರಿಗೂ ಹೆಸರಾಗಿತ್ತು. ಆ ಘಟಕ ಈಗ ಮುಚ್ಚಿದೆ. 1967ರಲ್ಲಿ ಹುಟ್ಟಿದ ಬೆಂಗಳೂರಿನ ವಿಎಸ್‌ಟಿ ಸಂಸ್ಥೆ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಪವರ್ ಟಿಲ್ಲರುಗಳನ್ನು ಸಣ್ಣ ಹಿಡುವಳಿಗಳಿಗೆ ತಲುಪಿಸಿತು. ಸ್ವಂತ ಟ್ರ್ಯಾಕ್ಟರ್ ಕೊಳ್ಳಲಾಗದವರಿಗಾಗಿ ರಾಜ್ಯ ಸರಕಾರ 2014-15ರಲ್ಲಿ ಕೃಷಿ ಯಂತ್ರಧಾರೆ ಯೋಜನೆಯ ಮೂಲಕ ಬಾಡಿಗೆ ಕೇಂದ್ರಗಳನ್ನು ತೆರೆಯಿತು. ಸ್ವಂತದ್ದಿರಲಿ, ಬಾಡಿಗೆಯದಿರಲಿ, ಸೀಟಿನ ಮೇಲೆ ಕುಳಿತವನು ತಿಳಿದಿರಬೇಕಾದ ಸಂಗತಿಗಳು ಮಾತ್ರ ಒಂದೇ.

ಏರುವ ಮುನ್ನ ಒಂದು ಪ್ರದಕ್ಷಿಣೆ

ಟ್ರ್ಯಾಕ್ಟರಿನ ವಯಸ್ಸನ್ನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ, ಗಂಟೆಯಲ್ಲಿ ಅಳೆಯುತ್ತಾರೆ. ಅದಕ್ಕೆಂದೇ ಮುಂದಿನ ಫಲಕದಲ್ಲಿ ಅವರ್ ಮೀಟರ್ ಇರುತ್ತದೆ. ಪ್ರತಿ 10 ಗಂಟೆ ಕೆಲಸಕ್ಕೆ, ಅಂದರೆ ಸುಗ್ಗಿಯಲ್ಲಿ ಪ್ರತಿ ದಿನ, ಇಂಜಿನ್ ತಣ್ಣಗಿರುವಾಗಲೇ ಸುತ್ತಲೂ ಒಮ್ಮೆ ತಿರುಗಿ ನೋಡಬೇಕು. ನೋಡಬೇಕಾದ್ದು ನಾಲ್ಕು: ಎಣ್ಣೆ, ನೀರು, ಗಾಳಿ, ಡೀಸೆಲ್.

ಎಣ್ಣೆಯಿಂದ ಆರಂಭಿಸೋಣ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಅಳತೆಕಡ್ಡಿ ಎಳೆದು, ಒರೆಸಿ, ಮತ್ತೆ ಇಳಿಸಿ ಎತ್ತಬೇಕು. ಎಣ್ಣೆ ಎರಡು ಗುರುತುಗಳ ನಡುವೆ ಇದ್ದರೆ ಸರಿ. ಕಡಿಮೆಯಾದರೆ ಬೇರಿಂಗುಗಳು ಒಣಗುತ್ತವೆ. ಹೆಚ್ಚು ಹಾಕಿದರೂ ನೊರೆಯೆದ್ದು ಕೆಡಕು. ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ಆಗ ಇಂಜಿನ್ ಚಾಲೂ ಮಾಡದೆ ಮೆಕ್ಯಾನಿಕನನ್ನು ಕರೆಸುವುದೇ ಜಾಣತನ.

ನೀರು ಎಂದರೆ ರೇಡಿಯೇಟರಿನದು. ಕಲಬುರಗಿಯ ಏಪ್ರಿಲ್-ಮೇ ಬಿಸಿಲು ಎಂಥದೆಂದು ಹೇಳಬೇಕಾಗಿಲ್ಲ. ರೇಡಿಯೇಟರಿನ ಜಾಲರಿಯಲ್ಲಿ ತೊಗರಿಯ ಹೊಟ್ಟು, ಕಸ ಸಿಕ್ಕಿಕೊಂಡರೆ ಗಾಳಿ ಆಡದೆ ಇಂಜಿನ್ ಕುದಿಯುತ್ತದೆ. ದಿನವೂ ಕುಂಚದಿಂದ ಉದುರಿಸಬೇಕು. ಕುದಿಯುತ್ತಿರುವ ಇಂಜಿನ್ನಿನ ಮುಚ್ಚಳ ತೆರೆಯುವುದು ಕುಕ್ಕರಿನ ಮುಚ್ಚಳವನ್ನು ಸೀಟಿ ಹೊಡೆಯುವಾಗ ತೆರೆದಂತೆ. ಹಬೆ ನೇರವಾಗಿ ಮುಖಕ್ಕೆ ಹಾರುತ್ತದೆ. ಬಿಸಿ ಇಂಜಿನ್ನಿಗೆ ತಣ್ಣೀರು ಸುರಿದರೆ ಕಬ್ಬಿಣ ಬಿರುಕು ಬಿಡಬಹುದು. ತಾಳ್ಮೆಯಿಂದ ಆರಲು ಬಿಡಬೇಕು.

ಇಂಜಿನ್ ಉಸಿರಾಡುವ ಲೆಕ್ಕ

ಮೂರನೆಯದು ಗಾಳಿ. ಇಲ್ಲೊಂದು ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಎರಡೂವರೆ ಲೀಟರ್ ಗಾತ್ರದ ಇಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದೆ ಎನ್ನಿ. ನಾಲ್ಕು ಹೊಡೆತದ ಇಂಜಿನ್ ಎರಡು ಸುತ್ತಿಗೊಮ್ಮೆ ಉಸಿರೆಳೆಯುತ್ತದೆ. ಅಂದರೆ ನಿಮಿಷಕ್ಕೆ 1000 ಸಲ ಎರಡೂವರೆ ಲೀಟರ್. ಒಟ್ಟು 2500 ಲೀಟರ್. ಗಂಟೆಗೆ ಸುಮಾರು ಒಂದೂವರೆ ಲಕ್ಷ ಲೀಟರ್ ಗಾಳಿ! ಒಣ ಎರೆಯಲ್ಲಿ ಕುಂಟೆ ಹೊಡೆಯುವಾಗ ಎದ್ದ ಧೂಳಿನ ನಡುವಿನಿಂದಲೇ ಈ ಗಾಳಿ ಬರಬೇಕು. ಅದರಲ್ಲಿ ಚಿಟಿಕೆಯಷ್ಟು ಧೂಳು ಒಳಗೆ ಹೋದರೂ ಎಣ್ಣೆಯೊಡನೆ ಬೆರೆತು ಸಾಣೆಯ ಪುಡಿಯಂತೆ ಸಿಲಿಂಡರನ್ನು ತೇಯುತ್ತದೆ. ವರ್ಷಗಟ್ಟಲೆ ಬಾಳಬೇಕಾದ ಇಂಜಿನ್ ಬಲು ಬೇಗ ಹೊಗೆಯುಗುಳಲು ಆರಂಭಿಸುತ್ತದೆ.

ಇದನ್ನು ತಡೆಯುವುದು ಏರ್ ಕ್ಲೀನರ್. ಅನೇಕ ಟ್ರ್ಯಾಕ್ಟರುಗಳಲ್ಲಿ ಅದರ ತಳಕ್ಕೆ ಎಣ್ಣೆಯ ಬಟ್ಟಲಿರುತ್ತದೆ. ಗಾಳಿ ಎಣ್ಣೆಯನ್ನು ತಾಗಿ ತಿರುಗಿದಾಗ ಧೂಳು ಅದರಲ್ಲಿ ಉಳಿಯುತ್ತದೆ. ಧೂಳಿನ ದಿನಗಳಲ್ಲಿ ಬಟ್ಟಲನ್ನು ದಿನವೂ ಬಿಚ್ಚಿ ನೋಡಿ, ತಳದಲ್ಲಿ ರಾಡಿ ಕೂತಿದ್ದರೆ ಚೆಲ್ಲಿ, ಡೀಸೆಲ್ಲಿನಿಂದ ತೊಳೆದು, ಗುರುತಿನ ಮಟ್ಟಕ್ಕೆ ಹೊಸ ಎಣ್ಣೆ ಹಾಕಬೇಕು. ಹೊಸ ಮಾದರಿಗಳಲ್ಲಿ ಇರುವ ಕಾಗದದ ಫಿಲ್ಟರನ್ನು ಮಾತ್ರ ನೀರು, ಡೀಸೆಲ್ ಹಾಕಿ ತೊಳೆಯಬಾರದು. ಒಳಗಿನಿಂದ ಹೊರಕ್ಕೆ ಮೆಲ್ಲನೆ ಗಾಳಿ ಹೊಡೆದು ಧೂಳು ಉದುರಿಸಬೇಕು, ಹರಿದರೆ ಬದಲಿಸಬೇಕು. ‘ಈ ಸಲ ನಡೀತದ ಬಿಡ್ರಿ’ ಎನ್ನುವ ಮಾತು ನಮ್ಮ ಕಡೆ ಬಹಳ ಪ್ರಚಾರದಲ್ಲಿದೆ. ಏರ್ ಕ್ಲೀನರಿನ ವಿಷಯದಲ್ಲಿ ಅಷ್ಟು ದುಬಾರಿಯಾದ ಮಾತು ಮತ್ತೊಂದಿಲ್ಲ.

ನಾಲ್ಕನೆಯದು ಡೀಸೆಲ್. ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿಸಿಡುವುದು ಒಳ್ಳೆಯ ಪದ್ಧತಿ. ಖಾಲಿ ಟ್ಯಾಂಕಿನಲ್ಲಿರುವ ಗಾಳಿಯ ತೇವ ರಾತ್ರಿಯ ತಂಪಿಗೆ ಹನಿಯಾಗಿ ಡೀಸೆಲ್ಲಿನೊಳಗೆ ಇಳಿಯುತ್ತದೆ. ನೀರು ಡೀಸೆಲ್ಲಿಗಿಂತ ಭಾರ, ತಳ ಸೇರುತ್ತದೆ. ಬೆಳಿಗ್ಗೆ ಫಿಲ್ಟರಿನ ತಳದ ತಿರುಪು ಸಡಿಲಿಸಿ ಆ ನೀರನ್ನು ಬಿಟ್ಟುಬಿಡಬೇಕು. ಟ್ಯಾಂಕ್ ಪೂರ್ತಿ ಬರಿದಾಗುವವರೆಗೆ ಓಡಿಸಿದರೆ ಕೊಳವೆಯಲ್ಲಿ ಗಾಳಿ ಹೊಕ್ಕು, ಮತ್ತೆ ಡೀಸೆಲ್ ಹಾಕಿದರೂ ಇಂಜಿನ್ ಏಳುವುದಿಲ್ಲ. ಆಗ ಫಿಲ್ಟರಿನ ಮೇಲಿನ ಗಾಳಿ ತಿರುಪು ಸಡಿಲಿಸಿ, ಕೈಪಂಪನ್ನು ಒತ್ತುತ್ತ ಹೋಗಬೇಕು. ಗುಳ್ಳೆಗಳು ನಿಂತು ಬರೀ ಡೀಸೆಲ್ ಬಂದಾಗ ಬಿಗಿಗೊಳಿಸಿದರಾಯಿತು. ಗೊತ್ತಿದ್ದವರಿಗೆ ಹತ್ತು ನಿಮಿಷದ ಕೆಲಸ. ಗೊತ್ತಿಲ್ಲದವರಿಗೆ ಅರ್ಧ ದಿನ ಹಾಳು.

ಸೋರಿಕೆಯ ಬಗ್ಗೆಯೂ ಒಂದು ಲೆಕ್ಕ. ಒಂದು ಮಿಲಿ ಲೀಟರಿಗೆ ಸುಮಾರು 20 ಹನಿ. ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕಿದರೆ ದಿನದ 86,400 ಸೆಕೆಂಡುಗಳಲ್ಲಿ ನಾಲ್ಕು ಲೀಟರಿಗೂ ಹೆಚ್ಚು ಡೀಸೆಲ್ ಮಣ್ಣುಪಾಲು. ಹತ್ತಾರು ರೂಪಾಯಿಯ ವಾಷರ್ ತರಲು ಸೋಮಾರಿತನ ಮಾಡಿದ್ದಕ್ಕೆ ತೆರುವ ದಂಡ ಇದು.

ಓಡಿಸುವುದರಲ್ಲೂ ಒಂದು ಹದ

ಟ್ರ್ಯಾಕ್ಟರ್ ಓಡಿಸಲು ಬಂದರೆ ಸಾಲದು, ಅದರ ಮಾತು ಕೇಳಲು ಬರಬೇಕು ಎನ್ನುತ್ತಾರೆ ಅನುಭವಿಗಳು. ಚಾಲೂ ಮಾಡುವಾಗ ಗೇರು ನ್ಯೂಟ್ರಲ್‌ನಲ್ಲಿರಬೇಕು, ಚಾಲಕ ಸೀಟಿನ ಮೇಲಿರಬೇಕು. ಕೆಳಗೆ ನಿಂತು ಸ್ಟಾರ್ಟರಿನ ತಂತಿ ತಾಗಿಸಿ ಚಾಲೂ ಮಾಡುವ ದುರಭ್ಯಾಸ ಅನೇಕರಿಗಿದೆ. ಗೇರಿನಲ್ಲಿದ್ದರೆ ಟ್ರ್ಯಾಕ್ಟರ್ ತಟ್ಟನೆ ನೆಗೆದು, ನಿಂತವನ ಮೇಲೆ ದೊಡ್ಡ ಗಾಲಿ ಹಾಯುತ್ತದೆ. ಸ್ಟಾರ್ಟರನ್ನು ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಒತ್ತಬಾರದು. ಬ್ಯಾಟರಿಗೆ ಉಸಿರಾಡಲು ಬಿಡುವು ಕೊಡಬೇಕು.

ಎಡಗಾಲಿಗೆ ಕ್ಲಚ್. ಅದರ ಮೇಲೆ ಸದಾ ಕಾಲಿಟ್ಟುಕೊಂಡು ಓಡಿಸಿದರೆ ಪ್ಲೇಟು ಬೇಗ ಸವೆಯುತ್ತದೆ. ಬಲಗಾಲಿಗೆ ಎರಡು ಬ್ರೇಕುಗಳು. ಎರಡೇಕೆ? ಹೊಲದ ಬದುವಿನಲ್ಲಿ ಬಲಕ್ಕೆ ತಿರುಗಬೇಕಾದಾಗ ಬಲಗಾಲಿಯ ಬ್ರೇಕನ್ನು ಮಾತ್ರ ಒತ್ತಿದರೆ ಆ ಗಾಲಿ ನಿಂತು, ಎಡಗಾಲಿ ಅದರ ಸುತ್ತ ತಿರುಗುತ್ತದೆ. ಕಡಿಮೆ ಜಾಗದಲ್ಲಿ ತಿರುವು ಸಾಧ್ಯ. ಆದರೆ ರಸ್ತೆಗೆ ಬಂದೊಡನೆ ಎರಡೂ ಬ್ರೇಕುಗಳನ್ನು ಕೊಂಡಿಯಿಂದ ಜೋಡಿಸಲೇಬೇಕು. ವೇಗದಲ್ಲಿದ್ದಾಗ ಒಂದೇ ಬ್ರೇಕ್ ಒತ್ತಿದರೆ ಟ್ರ್ಯಾಕ್ಟರ್ ಪಕ್ಕಕ್ಕೆ ಎಳೆದು ಮಗುಚುತ್ತದೆ. ಹೊಲದಿಂದ ರಸ್ತೆಗೆ ಏರುವ ಮುನ್ನ ಈ ಕೊಂಡಿಯನ್ನು ಕೈಯಿಂದ ಮುಟ್ಟಿ ನೋಡುವುದು ಜೀವ ಉಳಿಸುವ ಅಭ್ಯಾಸ.

ಒಂದು ಗಾಲಿ ಕೆಸರಿನಲ್ಲಿ ಸುಮ್ಮನೆ ತಿರುಗತೊಡಗಿದರೆ ಡಿಫರೆನ್ಷಿಯಲ್ ಲಾಕ್ ಒತ್ತಬಹುದು. ಆಗ ಎರಡೂ ಗಾಲಿ ಒಂದೇ ಸಮನೆ ತಿರುಗುತ್ತವೆ. ನೇರವಾಗಿ ಹೋಗುವಾಗ ಮಾತ್ರ ಇದರ ಬಳಕೆ. ತಿರುವಿನಲ್ಲಿ ಹೊರಗಾಲಿ ಹೆಚ್ಚು ದೂರ ಉರುಳಬೇಕಾದ್ದರಿಂದ ಲಾಕ್ ಬಿಡದಿದ್ದರೆ ಗೇರುಗಳ ಹಲ್ಲು ಮುರಿಯಬಹುದು.

ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವುದು ಮತ್ತೊಂದು ಕೆಟ್ಟ ಚಾಳಿ. ನೆಹರು ಗಂಜಿಗೆ ತೊಗರಿ ಚೀಲ ಹೇರಿಕೊಂಡು ಹೊರಟ ಟ್ರಾಲಿಗೆ ಎಷ್ಟೋ ಸಲ ಸ್ವಂತ ಬ್ರೇಕೇ ಇರುವುದಿಲ್ಲ. ಹಿಂದಿನ ಭಾರ ಮುಂದಿನ ಟ್ರ್ಯಾಕ್ಟರನ್ನು ನೂಕುತ್ತದೆ, ಮಡಚುತ್ತದೆ. ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂಬುದು ಹಳೆಯ ಚಾಲಕರ ನಿಯಮ. ಟ್ರಾಲಿಯ ಹಿಂಬದಿಗೆ ಕೆಂಪು ಪ್ರತಿಫಲಕ ಅಂಟಿಸಲು ಆಗುವ ಖರ್ಚು ಅಲ್ಪ. ಅದಿಲ್ಲದೆ ರಾತ್ರಿ ಹೆದ್ದಾರಿಯಲ್ಲಿ ನಿಂತ ಟ್ರಾಲಿಗೆ ಹಿಂದಿನಿಂದ ಬಂದ ಮೋಟಾರ್ ಸೈಕಲ್ಲು ಬಡಿದ ಸುದ್ದಿ ಓದದ ಓದುಗರಿಲ್ಲ.

ಒಂದೂವರೆ ಸೆಕೆಂಡಿನ ಪಾಠ

ಇನ್ನು ಈ ಲೇಖನದ ಮುಖ್ಯ ಭಾಗ. ಇದನ್ನು ತಂದೆತಾಯಿಗಳೂ ಮಕ್ಕಳೂ ಕೂಡಿಯೇ ಓದುವುದು ಒಳ್ಳೆಯದು.

ಟ್ರ್ಯಾಕ್ಟರ್ ಹೂತುಹೋದಾಗ ಹಿಂಗಾಲಿಗೆ ಅಡ್ಡಲಾಗಿ ಮರದ ತುಂಡು ಕಟ್ಟಿ, ಜೋರಾಗಿ ಎಕ್ಸಲರೇಟರ್ ಕೊಟ್ಟು ಹೊರತೆಗೆಯುವ ಸಾಹಸ ಅನೇಕ ಹೊಲಗಳಲ್ಲಿ ನಡೆಯುತ್ತದೆ. ಇದು ಸಾವಿಗೆ ಕೊಟ್ಟ ಆಹ್ವಾನ. ಇಂಜಿನ್ ಗಾಲಿಯನ್ನು ಮುಂದಕ್ಕೆ ತಿರುಗಿಸಲು ಯತ್ನಿಸುತ್ತದೆ. ಗಾಲಿ ತಿರುಗದಂತೆ ಕಟ್ಟಿದ್ದರೆ ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಎಂಬ ನ್ಯೂಟನ್ನನ ನಿಯಮದಂತೆ ಟ್ರ್ಯಾಕ್ಟರಿನ ಒಡಲೇ ಹಿಂದಕ್ಕೆ ತಿರುಗುತ್ತದೆ. ಮೂತಿ ಆಕಾಶಕ್ಕೆ ಎದ್ದು, ಸುಮಾರು ಒಂದೂವರೆ ಸೆಕೆಂಡಿನಲ್ಲಿ ಇಡೀ ಯಂತ್ರ ಚಾಲಕನ ಮೇಲೆ ಮಗುಚುತ್ತದೆ. ಏನಾಗುತ್ತಿದೆ ಎಂದು ತಿಳಿದು ಕ್ಲಚ್ ಒತ್ತುವಷ್ಟರಲ್ಲಿ ಕೈ ಮೀರಿರುತ್ತದೆ. ಹೂತಾಗ ಮಾಡಬೇಕಾದದ್ದು ಬೇರೆ: ಗಾಲಿಯ ಮುಂದಿನ, ಹಿಂದಿನ ಮಣ್ಣು ತೆಗೆದು, ಸಣ್ಣ ಗೇರಿನಲ್ಲಿ ಮೆಲ್ಲಗೆ ಹಿಂದಕ್ಕೆ ಸರಿಯಬೇಕು. ಆಗದಿದ್ದರೆ ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸಬೇಕು.

ಎಳೆಯುವ ಹಗ್ಗ, ಸರಪಳಿಯನ್ನು ತಗ್ಗಿನ ಡ್ರಾಬಾರಿಗೇ ಕಟ್ಟಬೇಕು. ಅಚ್ಚಿಗಿಂತ ಮೇಲೆ ಕಟ್ಟಿದರೆ ಅದು ಟ್ರ್ಯಾಕ್ಟರನ್ನು ಹಿಂದಕ್ಕೆ ಕೆಡಹುವ ಸನ್ನೆಯಾಗುತ್ತದೆ. ಪುಸ್ತಕದ ಸನ್ನೆಯ ಪಾಠ ಇಲ್ಲಿ ಅಂಕಕ್ಕಲ್ಲ, ಜೀವಕ್ಕೆ ಬೇಕಾದದ್ದು. ಇಂಥ ಸಾವುಗಳನ್ನು ತಡೆಯಲು ಸ್ವೀಡನ್ ದೇಶ 1959ರಲ್ಲಿಯೇ ಹೊಸ ಟ್ರ್ಯಾಕ್ಟರುಗಳಿಗೆಲ್ಲ ಚಾಲಕನ ಸುತ್ತ ಗಟ್ಟಿ ರಕ್ಷಣಾ ಚೌಕಟ್ಟು ಇರಲೇಬೇಕೆಂದು ಕಾನೂನು ಮಾಡಿತು. ಅಲ್ಲಿ ಮಗುಚಿ ಸಾಯುವವರ ಸಂಖ್ಯೆ ಬಹಳ ಕೆಳಗಿಳಿಯಿತು.

ಎರಡನೆಯ ಅಪಾಯ ಪಿಟಿಒ. ಟ್ರ್ಯಾಕ್ಟರಿನ ಹಿಂಬದಿಯಿಂದ ರಾಶಿ ಯಂತ್ರಕ್ಕೆ, ರೋಟಾವೇಟರಿಗೆ ಶಕ್ತಿ ಕೊಡುವ ತಿರುಗುವ ದಂಡ ಅದು. ಸಾಮಾನ್ಯ ವೇಗ ನಿಮಿಷಕ್ಕೆ 540 ಸುತ್ತು, ಎಂದರೆ ಸೆಕೆಂಡಿಗೆ 9 ಸುತ್ತು. ಧೋತರದ ಚುಂಗು, ಹೆಗಲ ಮೇಲಿನ ಟವೆಲ್, ಸೀರೆಯ ಸೆರಗು, ಹುಡುಗಿಯರ ವೇಲು ಅಥವಾ ಜಡೆಯ ತುದಿ ಸಿಕ್ಕರೆ ‘ಅಯ್ಯೋ’ ಎನ್ನುವುದರೊಳಗೆ ಒಂಬತ್ತು ಸುತ್ತು ಸುತ್ತಿರುತ್ತದೆ. ದಂಡದ ಮೇಲಿನ ಪ್ಲಾಸ್ಟಿಕ್ ಕವಚವನ್ನು ಗ್ರೀಸ್ ಹಾಕಲು ತೊಂದರೆ ಎಂದು ಕಿತ್ತೆಸೆಯುವವರಿದ್ದಾರೆ. ಅದು ಇರಲೇಬೇಕು. ತಿರುಗುವ ದಂಡವನ್ನು ದಾಟಬಾರದು, ಸುತ್ತಿಕೊಂಡು ಹೋಗಬೇಕು. ತೊಗರಿ ರಾಶಿ ಮಾಡುವಾಗ ಸಿಕ್ಕಿಕೊಂಡ ಕಟ್ಟಿಗೆಯನ್ನು ತೆಗೆಯಬೇಕಾದರೆ ಪಿಟಿಒ ಬಿಡಿಸಿ, ಇಂಜಿನ್ ಆರಿಸಿ, ಎಲ್ಲವೂ ನಿಂತ ಮೇಲೆಯೇ ಕೈ ಹಾಕಬೇಕು.

ಮೂರನೆಯದು ನಮ್ಮ ಪ್ರೀತಿಯೇ ತರುವ ಅಪಾಯ. ಮಗುವನ್ನು ಮಡ್‌ಗಾರ್ಡಿನ ಮೇಲೆ ಕೂಡಿಸಿಕೊಂಡು ಹೊಲಕ್ಕೆ ಹೋಗುವುದು ಎಲ್ಲರಿಗೂ ಮುದ್ದಿನ ದೃಶ್ಯ. ಟ್ರ್ಯಾಕ್ಟರಿಗೆ ಇರುವುದು ಒಂದೇ ಸೀಟು. ಬದು ಹಾರಿದಾಗ ಜಾರಿದ ಮಗು ಬೀಳುವುದು ನೇರವಾಗಿ ದೊಡ್ಡ ಗಾಲಿಯ ಮುಂದೆ. ತಂದೆಯ ಕಾಲು ಬ್ರೇಕಿಗೆ ಹೋಗುವ ಮೊದಲೇ ಆಗಬಾರದ್ದು ಆಗಿಹೋಗುತ್ತದೆ. ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆಯುವಾಗಲೂ ಅಷ್ಟೆ: ಅಂಗಳದಲ್ಲಿ ಆಡುವ ಚಿಕ್ಕ ಮಕ್ಕಳು ಎಲ್ಲಿದ್ದಾರೆ ಎಂದು ಇಳಿದು ನೋಡದೆ ಗೇರು ಹಾಕಬಾರದು.

ಕಾನೂನೂ ಈ ವಿಷಯದಲ್ಲಿ ಕಟ್ಟುನಿಟ್ಟಾಗಿದೆ. ರಸ್ತೆಯ ಮೇಲೆ ಟ್ರ್ಯಾಕ್ಟರ್ ಓಡಿಸಲು 18 ವರ್ಷ ತುಂಬಿ, ಲೈಸೆನ್ಸ್ ಇರಬೇಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಸಿನವರು ವಾಹನ ನಡೆಸಿ ಅಪರಾಧವಾದರೆ ಪೋಷಕ ಅಥವಾ ವಾಹನದ ಮಾಲೀಕನಿಗೆ 3 ವರ್ಷಗಳವರೆಗೆ ಸಜೆ ಮತ್ತು 25 ಸಾವಿರ ರೂಪಾಯಿ ದಂಡ ವಿಧಿಸಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ‘ನಮ್ಮ ಹುಡುಗ ಒಂಬತ್ತನೇ ಇಯತ್ತೆಯಲ್ಲೇ ಟ್ರ್ಯಾಕ್ಟರ್ ಹೊಡೀತಾನ’ ಎಂಬ ಹೆಮ್ಮೆಯ ಬೆಲೆ ಇಷ್ಟು ದೊಡ್ಡದು. ಅದೇ ಹುಡುಗ ಎಣ್ಣೆ ನೋಡಲಿ, ಗ್ರೀಸ್ ಹೊಡೆಯಲಿ, ಲೆಕ್ಕ ಬರೆಯಲಿ. ಸ್ಟೇರಿಂಗ್ ಕಾಯುತ್ತದೆ.

ಹುಲ್ಲು ಕೊಯ್ಯುವ ತಮ್ಮ

ಟ್ರ್ಯಾಕ್ಟರಿಗೆ ಒಬ್ಬ ಚಿಕ್ಕ ತಮ್ಮನಿದ್ದಾನೆ. ದೊಡ್ಡ ಹುಲ್ಲುಹಾಸುಗಳನ್ನು ಕತ್ತರಿಸುವ, ಮೇಲೆ ಕುಳಿತು ನಡೆಸುವ ಯಂತ್ರ ಅದು. ಮೊದಲ ಹುಲ್ಲು ಕತ್ತರಿಸುವ ಯಂತ್ರಕ್ಕೆ 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಪೇಟೆಂಟ್ ಪಡೆದ. ಬಟ್ಟೆ ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಮೇಲಿನ ಜುಂಗನ್ನು ಕತ್ತರಿಸುವ ಯಂತ್ರ ನೋಡಿ ಅವನಿಗೆ ಈ ಆಲೋಚನೆ ಹೊಳೆಯಿತಂತೆ. ವಿದೇಶಗಳಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ, ಇಲ್ಲಿಯ ಗಾಲ್ಫ್ ಮೈದಾನ ಮುಂತಾದ ಕಡೆ ಇದನ್ನು ಕಾಣಬಹುದು.

ಪಾಠಗಳೆಲ್ಲ ಟ್ರ್ಯಾಕ್ಟರಿನವೇ. ಎಣ್ಣೆ, ಗಾಳಿಯ ಫಿಲ್ಟರ್, ಬೆಲ್ಟು, ಟೈರಿನ ಗಾಳಿ ನೋಡಬೇಕು. ಕತ್ತರಿಸುವ ಮುನ್ನ ನೆಲದ ಮೇಲಿನ ಕಲ್ಲು, ತಂತಿ ಆರಿಸಬೇಕು. ಅಲಗಿಗೆ ತಾಗಿದ ಕಲ್ಲು ಗುಂಡಿನಂತೆ ಹಾರುತ್ತದೆ. ಇಳಿಜಾರಿನಲ್ಲಿ ಅಡ್ಡಡ್ಡ ಓಡಿಸದೆ ಮೇಲೆ-ಕೆಳಗೆ ಓಡಿಸಬೇಕು, ಇಲ್ಲದಿದ್ದರೆ ಪಕ್ಕಕ್ಕೆ ಮಗುಚುತ್ತದೆ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಿದರೆ ಹುಲ್ಲು ಬಡವಾಗುತ್ತದೆ. ಅಲಗು ಹರಿತ ಮಾಡುವ ಮುನ್ನ ಸ್ಪಾರ್ಕ್ ಪ್ಲಗ್ಗಿನ ತಂತಿ ಬಿಡಿಸಬೇಕು. ಕೈ ತಾಗಿ ಅಲಗು ತಿರುಗಿದರೆ ಇಂಜಿನ್ ಹೊತ್ತಿಕೊಳ್ಳಬಹುದು. ಚಾಲಕ ಎದ್ದರೆ ಅಲಗು ತಾನಾಗಿ ನಿಲ್ಲುವಂತೆ ಸೀಟಿನ ಕೆಳಗೊಂದು ಸ್ವಿಚ್ ಇರುತ್ತದೆ. ಅದನ್ನು ಕಟ್ಟಿಹಾಕಿ ಕೆಲಸ ಮಾಡುವವರು ಅಲ್ಲಿಯೂ ಇದ್ದಾರೆ. ‘ನಡೀತದ ಬಿಡ್ರಿ’ ಎನ್ನುವುದು ಎಲ್ಲ ದೇಶಗಳ ಭಾಷೆ ಎಂದಾಯಿತು!

ಕಲಿಯುವ ದಾರಿಗಳು

ಯಂತ್ರದ ಮೇಲೆ ಒಲವಿರುವ ಮಕ್ಕಳಿಗೆ ಇದು ಬದುಕೂ ಆಗಬಲ್ಲದು. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐಗಳಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್ ಎಂಬ ಒಂದು ವರ್ಷದ ವೃತ್ತಿಶಿಕ್ಷಣವಿದೆ. ಕೇಂದ್ರ ಸರಕಾರದ ಕೃಷಿ ಯಂತ್ರೋಪಕರಣಗಳ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಗಳಲ್ಲಿ ಮೊದಲನೆಯದು 1955ರಲ್ಲಿ ಮಧ್ಯಪ್ರದೇಶದ ಬುಧ್ನಿಯಲ್ಲಿ ಆರಂಭವಾಯಿತು. ದಕ್ಷಿಣ ಭಾರತದ ಸಂಸ್ಥೆ ನಮ್ಮ ನೆರೆಯ ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ. ಅಲ್ಲಿ ರೈತರಿಗೆ, ತರುಣರಿಗೆ, ತಂತ್ರಜ್ಞರಿಗೆ ಯಂತ್ರಗಳ ಬಳಕೆ ಹಾಗೂ ನಿರ್ವಹಣೆಯ ತರಬೇತಿ ನೀಡುತ್ತಾರೆ. ಪಿಯುಸಿ ವಿಜ್ಞಾನ ಓದಿದವರಿಗೆ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಕೃಷಿ ಇಂಜಿನಿಯರಿಂಗ್ ಕಾಲೇಜಿನ ಬಾಗಿಲು ತೆರೆದಿದೆ. ಕಲಬುರಗಿಯಲ್ಲಿಯೇ ಕೃಷಿ ವಿಜ್ಞಾನ ಕೇಂದ್ರವಿದ್ದು, ಸಲಹೆ ಕೇಳಿ ಬಂದವರಿಗೆ ನೆರವಾಗುತ್ತದೆ.

ಆದರೆ ಮೊದಲ ಪಾಠಕ್ಕೆ ಎಲ್ಲಿಯೂ ಹೋಗಬೇಕಾಗಿಲ್ಲ. ಟ್ರ್ಯಾಕ್ಟರಿನೊಡನೆ ಕೊಟ್ಟ ಕೈಪಿಡಿ ಎಷ್ಟೋ ಮನೆಗಳಲ್ಲಿ ಪ್ಲಾಸ್ಟಿಕ್ ಚೀಲದಲ್ಲಿಯೇ ಇರುತ್ತದೆ. ಅದನ್ನು ತೆಗೆದು ತಂದೆಗೆ ಓದಿ ಹೇಳುವ ಕೆಲಸವನ್ನು ಶಾಲೆಗೆ ಹೋಗುವ ಮಗಳು ಮಾಡಬಹುದು. ಇಪ್ಪತ್ತು ರೂಪಾಯಿಯ ಒಂದು ನೋಟುಪುಸ್ತಕ ತಂದು ನಾಲ್ಕು ಕಲಮು ಎಳೆಯಲಿ: ದಿನಾಂಕ, ಅವರ್ ಮೀಟರಿನ ಅಂಕಿ, ಹಾಕಿದ ಡೀಸೆಲ್, ಮಾಡಿದ ಕೆಲಸ. ಒಂದು ತಿಂಗಳಾದ ಮೇಲೆ ಗಂಟೆಗೆ ಎಷ್ಟು ಲೀಟರ್ ಎಂದು ಭಾಗಿಸಿ ನೋಡಲಿ. ಆ ಅಂಕಿ ಕಾರಣವಿಲ್ಲದೆ ಏರತೊಡಗಿದರೆ ಫಿಲ್ಟರ್ ಕಟ್ಟಿದೆ, ಟೈರಿನಲ್ಲಿ ಗಾಳಿ ಕಡಿಮೆಯಾಗಿದೆ ಅಥವಾ ಇಂಜೆಕ್ಟರ್ ಕೆಟ್ಟಿದೆ ಎಂದು ಟ್ರ್ಯಾಕ್ಟರ್ ಬಾಯಿಬಿಟ್ಟು ಹೇಳುವ ಮೊದಲೇ ಪುಸ್ತಕ ಹೇಳುತ್ತದೆ.

ಹಿಂದೆ ಈ ಭಾಗದ ರೈತ ತಾನು ಉಣ್ಣುವ ಮೊದಲು ಎತ್ತಿಗೆ ಮೇವು-ನೀರು ಹಾಕುತ್ತಿದ್ದ, ಅದರ ಗೊರಸು ನೋಡುತ್ತಿದ್ದ, ಹೆಗಲ ಹುಣ್ಣಿಗೆ ಎಣ್ಣೆ ಸವರುತ್ತಿದ್ದ. ಕಾರಹುಣ್ಣಿಮೆಯ ಸಿಂಗಾರ ವರ್ಷಕ್ಕೊಮ್ಮೆ ಇದ್ದರೂ ಆರೈಕೆ ದಿನವೂ ಇತ್ತು. ಎತ್ತು ಹಸಿವಾದರೆ ಕೂಗುತ್ತಿತ್ತು. ಟ್ರ್ಯಾಕ್ಟರಿಗೆ ಆ ದನಿ ಇಲ್ಲ. ಕೆಟ್ಟ ಮೇಲೆಯೇ ಅದು ಮಾತನಾಡುವುದು. ಮಹಾನವಮಿಯ ಮಾಲೆ ಒಣಗಿ ಉದುರಿದ ಮರುದಿನವೂ ಅಳತೆಕಡ್ಡಿ ಎಳೆದು ನೋಡುವ ಮನೆಯಲ್ಲಿ ಮೃಗಶಿರಾ ಮಳೆಯ ಹದ ತಪ್ಪುವುದಿಲ್ಲ.

ಗಂಟೆಗೆ ತಕ್ಕ ಆರೈಕೆ

(ಮಾದರಿಯಿಂದ ಮಾದರಿಗೆ ಅಂತರವಿರುವುದರಿಂದ ಕೈಪಿಡಿಯೇ ಅಂತಿಮ.)

* ಪ್ರತಿ 10 ಗಂಟೆಗೆ: ಇಂಜಿನ್ ಎಣ್ಣೆ, ರೇಡಿಯೇಟರ್ ನೀರು, ಏರ್ ಕ್ಲೀನರ್ ಪರೀಕ್ಷೆ. ಡೀಸೆಲ್ ಫಿಲ್ಟರಿನ ತಳದ ನೀರು ಬಿಡುವುದು. ಗಾಲಿಯ ನಟ್ಟು, ಸೋರಿಕೆ ನೋಡುವುದು.

* ಪ್ರತಿ 50-60 ಗಂಟೆಗೆ: ಎಲ್ಲ ನಿಪ್ಪಲ್‌ಗಳಿಗೆ ಗ್ರೀಸ್. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಟರ್ಮಿನಲ್‌ಗಳಿಗೆ ಪೆಟ್ರೋಲಿಯಂ ಜೆಲ್ಲಿ. ಫ್ಯಾನ್ ಬೆಲ್ಟಿನ ಬಿಗಿ, ಕ್ಲಚ್ ಮತ್ತು ಬ್ರೇಕ್ ಪೆಡಲಿನ ಸಡಿಲ, ಟೈರಿನ ಗಾಳಿ.

* ಪ್ರತಿ 250 ಗಂಟೆಯ ಸುಮಾರಿಗೆ: ಇಂಜಿನ್ ಎಣ್ಣೆ ಮತ್ತು ಅದರ ಫಿಲ್ಟರ್ ಬದಲಾವಣೆ. ಹೊಸ ಟ್ರ್ಯಾಕ್ಟರಿನಲ್ಲಿ ಮೊದಲ ಬದಲಾವಣೆ ಇನ್ನೂ ಬೇಗ.

* ಪ್ರತಿ 1000 ಗಂಟೆಯ ಸುಮಾರಿಗೆ: ಗೇರ್ ಬಾಕ್ಸ್ ಹಾಗೂ ಹೈಡ್ರಾಲಿಕ್ ಎಣ್ಣೆ ಬದಲಾವಣೆ, ರೇಡಿಯೇಟರ್ ತೊಳೆಯುವುದು, ಇಂಜೆಕ್ಟರ್ ಪರೀಕ್ಷೆ.

* ತಿಂಗಳುಗಟ್ಟಲೆ ನಿಲ್ಲಿಸುವಾಗ: ತೊಳೆದು ಒಣಗಿಸಿ ನೆರಳಿನಲ್ಲಿ ನಿಲ್ಲಿಸಿ. ಟ್ಯಾಂಕ್ ತುಂಬಿಸಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಡಿಸಿ. ಸೈಲೆನ್ಸರಿನ ಬಾಯಿ ಮುಚ್ಚಿ. ಮೇ ತಿಂಗಳಲ್ಲಿಯೇ ಒಮ್ಮೆ ಚಾಲೂ ಮಾಡಿ ನೋಡಿ, ಜೂನ್‌ವರೆಗೆ ಕಾಯಬೇಡಿ.